ಬಿಟ್ಟಿ ಸಿಕ್ಕ ರಕ್ಷಣೆಗೆ ಇಎಂಐ ಯಾಕೆ?

ಹಿಂದೆ ನಿಂತಿರುವವರು ಮುಂದೆ ಬನ್ನಿ, ಚೇರ್ ಇದೆ. ಎರಡು ಭಾಗ ತೆರೆದಿಟ್ಟುಕೊಳ್ಳಿ: ಲೂಕ 15ನೇ ಅಧ್ಯಾಯ 11ನೇ ವಚನದಿಂದ, ಆಮೇಲೆ ರೋಮಾಪುರದವರಿಗೆ 4ನೇ ಅಧ್ಯಾಯ 4 ಮತ್ತು 5. ಫೋನಲ್ಲಿ ಓದುವವರು ದಯವಿಟ್ಟು ವಾಟ್ಸಾಪ್ ಮುಚ್ಚಿ.

ನಮ್ಮ ಯೂತ್ ಮೀಟಿಂಗ್‌ಗೆ ತಪ್ಪದೆ ಬರ್ತಿದ್ದ ಒಬ್ಬ ತಮ್ಮ ಎರಡು ತಿಂಗಳು ಕಾಣಲಿಲ್ಲ. ಹೆಸರು ಹೇಳಲ್ಲ, ಅವನನ್ನ ಕೇಳಿಯೇ ಇದನ್ನ ಹೇಳ್ತಿದ್ದೀನಿ. ಫೋನ್ ಮಾಡಿದ್ರೆ ಎತ್ತಲ್ಲ. ಕೊನೆಗೆ ಒಂದು ಮೆಸೇಜ್ ಬಂತು: "ಅಣ್ಣಾ, ಸ್ವಲ್ಪ ಸರಿ ಮಾಡ್ಕೊಂಡು ಬರ್ತೀನಿ." ವಿಷಯ ಏನಂದ್ರೆ ಕ್ರಿಕೆಟ್ ಬೆಟ್ಟಿಂಗ್. ಸೋತ ದುಡ್ಡನ್ನ ವಾಪಸ್ ತರೋಕೆ ಲೋನ್ ಆ್ಯಪ್, ಒಂದು ಆ್ಯಪ್‌ನ ಸಾಲ ತೀರಿಸೋಕೆ ಇನ್ನೊಂದು ಆ್ಯಪ್. ಮನೇಲಿ ಅಪ್ಪನಿಗೆ ಗೊತ್ತಿಲ್ಲ. ಮೊದಲು ಸಾಲ ತೀರಬೇಕು, ಚಟ ಬಿಡಬೇಕು, ಒಂದು ತಿಂಗಳು ಕ್ಲೀನ್ ಆಗಿರಬೇಕು, ಆಮೇಲೆ ಸಭೆಗೆ ಬಂದು ಕೈ ಎತ್ತಿ ಆರಾಧನೆ ಮಾಡಬಹುದು ಅಂತ ಅವನ ಲೆಕ್ಕ.

ಈಗ ಲೂಕ 15ಕ್ಕೆ ಬನ್ನಿ. ಚಿಕ್ಕ ಮಗನ ಕಥೆ ಭಾನುವಾರ ಶಾಲೆಯಿಂದ ಕೇಳಿದ್ದೀರಿ, ಹಂದಿ, ಉಂಗುರ, ಕೊಬ್ಬಿದ ಕರು ಎಲ್ಲ ಗೊತ್ತು. ಆದರೆ ಅವನು ಮನೆಗೆ ಹೊರಡುವ ಮುಂಚೆ ಒಂದು ಭಾಷಣ ಪ್ರಾಕ್ಟೀಸ್ ಮಾಡ್ಕೊಂಡ, ಗಮನಿಸಿದ್ದೀರಾ? 18 ಮತ್ತು 19ನೇ ವಚನ. ಅದರಲ್ಲಿ ಮೂರು ಮಾತಿದೆ: ನಾನು ಪಾಪ ಮಾಡಿದೆ, ನಿನ್ನ ಮಗ ಅನ್ನಿಸಿಕೊಳ್ಳೋಕೆ ನಾನು ಯೋಗ್ಯನಲ್ಲ, ನನ್ನನ್ನ ಕೂಲಿಯಾಳಾಗಿ ಇಟ್ಟುಕೋ. ಈಗ 21ನೇ ವಚನದಲ್ಲಿ ಅಪ್ಪನ ಮುಂದೆ ಅವನು ಹೇಳಿದ್ದನ್ನ ನೋಡಿ. ಎಷ್ಟು ಮಾತಿದೆ? ಎರಡೇ. ಕೂಲಿಯ ಮಾತು ಬರಲೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ, ಬಟ್ಟೆ ತನ್ನಿ ಅಂತ ಹೇಳ್ತಿದ್ದಾನೆ.

ಪಾಪದ ಅರಿಕೆಯನ್ನ ಅಪ್ಪ ಕೇಳಿಸಿಕೊಂಡ, ಅದನ್ನ ತಡೆಯಲಿಲ್ಲ. ತಡೆದದ್ದು ಆ ಇಎಂಐ ಪ್ಲಾನನ್ನ. ದುಡಿದು ದುಡಿದು ತೀರಿಸ್ತೀನಿ ಅನ್ನೋ ಪ್ಲಾನ್. ನನ್ನ ತಮ್ಮನ ಮೆಸೇಜ್‌ನಲ್ಲಿ ಇದ್ದದ್ದೂ ಅದೇ ಮೂರನೇ ಮಾತು ತಾನೇ?

ಪೌಲನು ರೋಮಾಪುರದವರಿಗೆ ಇದನ್ನೇ ಸಂಬಳದ ಲೆಕ್ಕದಲ್ಲಿ ಬಿಡಿಸಿ ಹೇಳ್ತಾನೆ. ಕೆಲಸ ಮಾಡಿದವನಿಗೆ ಬರುವ ಕೂಲಿ ಕೃಪೆಯಲ್ಲ, ಅದು ಸಲ್ಲಬೇಕಾದ ಬಾಕಿ. ತಿಂಗಳ ಕೊನೆಗೆ ನಿಮ್ಮ ಅಕೌಂಟಿಗೆ ಸ್ಯಾಲರಿ ಬಿದ್ದಾಗ ಮ್ಯಾನೇಜರ್‌ಗೆ ಫೋನ್ ಮಾಡಿ "ಎಂಥಾ ಕೃಪೆ ಸಾರ್" ಅಂತ ಯಾರಾದರೂ ಅತ್ತಿದ್ದೀರಾ? ಇಲ್ಲ. ಆದರೆ ದೇವರು ಭಕ್ತಿಹೀನನನ್ನ ನೀತಿವಂತನೆಂದು ಎಣಿಸುತ್ತಾನೆ ಅಂತ 5ನೇ ವಚನ. ಸರಿ ಮಾಡ್ಕೊಂಡು ಬಂದವನನ್ನಲ್ಲ, ನಂಬಿ ಬಂದವನನ್ನ. ಆಮೆನ್ ಅನ್ನೋರು ಅನ್ನಬಹುದು.

ಬೈಬಲ್ ಕಾಲೇಜಿನಲ್ಲಿದ್ದಾಗ ನನಗೆ ನಿಘಂಟು ತಿರುವಿ ಹಾಕೋ ಅಭ್ಯಾಸ ಇತ್ತು. ಬಾಸೆಲ್ ಮಿಷನ್‌ನ ಕಿಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಆ ದಪ್ಪ ಪುಸ್ತಕ ಗೊತ್ತಲ್ಲ, ಒಬ್ಬ ಮಿಷನರಿ ನಮ್ಮ ಭಾಷೆಗೆ ಮಾಡಿದ ಸೇವೆ. ಕನ್ನಡದಲ್ಲಿ 'ಬಿಟ್ಟಿ' ಅನ್ನೋ ಪದಕ್ಕೆ ಎರಡು ಮುಖ ಇದೆ. ಒಂದು ನಿಮಗೆ ಗೊತ್ತು: ಪುಕ್ಕಟೆ. ಇನ್ನೊಂದು ನಮ್ಮ ಅಜ್ಜಿಗೆ ಗೊತ್ತಿತ್ತು: ಕೂಲಿ ಇಲ್ಲದೆ ಬಲವಂತವಾಗಿ ದುಡಿಸಿಕೊಳ್ಳೋದು, ಬಿಟ್ಟಿ ಚಾಕರಿ. ನಂಜನಗೂಡು ಕಡೆಯ ಅವರು ಗದ್ದೆಯಲ್ಲಿ ಬಿಟ್ಟಿ ಮಾಡಿದ್ದನ್ನ ಹೇಳುವಾಗ ನಗ್ತಿರಲಿಲ್ಲ. ನಮ್ಮ ಸಂವಿಧಾನದ 23ನೇ ವಿಧಿ ನಿಷೇಧಿಸಿದ್ದು ಅಂಥ ದುಡಿಮೆಯನ್ನೇ. ಒಬ್ಬನಿಗೆ ಬಿಟ್ಟಿ ಸಿಗಬೇಕಾದ್ರೆ ಇನ್ನೊಬ್ಬ ಬಿಟ್ಟಿ ದುಡಿದಿರಬೇಕು. ಒಂದೇ ಪದ, ಎರಡು ಕಡೆ.

ಶಿಲುಬೆಯ ದಾರಿಯಲ್ಲಿ ಕುರೇನ್ಯದ ಸೀಮೋನನನ್ನ ಸೈನಿಕರು ಹಿಡಿದು ಹೊರಿಸಿದ್ದು ಇಂಥ ಬಿಟ್ಟಿಯೇ. ಅವನನ್ನ ಯಾರೂ ಕೇಳಲಿಲ್ಲ. ಆದರೆ ಯೇಸುವನ್ನ ಯಾರೂ ಬಲವಂತ ಮಾಡಲಿಲ್ಲ; ನನ್ನ ಪ್ರಾಣವನ್ನ ನಾನಾಗಿಯೇ ಕೊಡ್ತೀನಿ ಅನ್ನೋ ಅರ್ಥದಲ್ಲಿ ಆತನೇ ಹೇಳಿದ್ದಾನೆ, ಯೋಹಾನ 10:18. ನಮಗೆ ರಕ್ಷಣೆ ಬಿಟ್ಟಿ. ಅಗ್ಗ ಅಲ್ಲ.

ಇದನ್ನ ಬೋಧಿಸೋ ನಾನೇ ಒಂದು ನೋಟ್‌ಬುಕ್ ಇಟ್ಟಿದ್ದೆ. ದಿನಕ್ಕೆ ಎಷ್ಟು ಗಂಟೆ ಪ್ರಾರ್ಥನೆ, ಎಷ್ಟು ಅಧ್ಯಾಯ, ಎಷ್ಟು ಉಪವಾಸ. ಮೂರು ವರ್ಷದ ಹಿಂದೆ ನಮ್ಮ ಎರಡನೇ ಮಗು ಐದನೇ ತಿಂಗಳಲ್ಲೇ ಹೋಯ್ತು. ಆಸ್ಪತ್ರೆಯ ಕಾರಿಡಾರ್‌ನಲ್ಲಿ ನಿಂತು ದೇವರ ಹತ್ತಿರ ಲೆಕ್ಕ ಕೇಳಿದೆ: ಇಪ್ಪತ್ತೊಂದು ದಿನ ಉಪವಾಸ ಮಾಡಿದ್ದೀನಿ, ಹಗಲು ಕೆಲಸ, ಸಂಜೆ ಸೇವೆ, ನನಗೆ ಹೀಗಾ? ಆಮೇಲೆ ಗೊತ್ತಾಯ್ತು, ಅದು 29ನೇ ವಚನದ ದೊಡ್ಡ ಮಗನ ದನಿ. ಇಷ್ಟು ವರ್ಷ ದುಡಿದೆ, ಒಂದು ಆಡಿನ ಮರಿ ಕೂಡ ಕೊಡಲಿಲ್ಲ ಅಂತ ಅವನು ಸಿಟ್ಟಾಗಿ ಹೊರಗೆ ನಿಂತಿದ್ದ. ಒಬ್ಬ ಮಗ ಕೂಲಿ ಮಾಡ್ತೀನಿ ಅಂತ ಬಂದ, ಇನ್ನೊಬ್ಬ ಮನೆಯಲ್ಲೇ ಇದ್ದು ಕೂಲಿ ಎಣಿಸ್ತಿದ್ದ. ಸಭೆಯಲ್ಲಿ ಎರಡನೆಯವನನ್ನ ಗುರುತಿಸೋದು ಕಷ್ಟ, ಅವನು ಸಾಮಾನ್ಯವಾಗಿ ಮುಂದಿನ ಸಾಲಲ್ಲೇ ಕೂತಿರ್ತಾನೆ.

ನನ್ನ ಹೆಂಡತಿ ಬೆಡ್ ಮೇಲಿಂದ ಕರೆದು, "ಲೆಕ್ಕ ಆಮೇಲೆ ಕೇಳ್ರೀ, ಈಗ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ" ಅಂದಳು. ಕೂತೆ. ಮಗು ಯಾಕೆ ಹೋಯ್ತು ಅನ್ನೋದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ, ಯಾರಾದರೂ ಉತ್ತರ ಕೊಡೋಕೆ ಬಂದರೆ ಈಗಲೂ ಸಂಕಟ ಆಗುತ್ತೆ. ಆ ರಾತ್ರಿ ನಾನು ಪ್ರಾರ್ಥನೆಯನ್ನೂ ಮಾಡಲಿಲ್ಲ. ಆದರೂ ಕರ್ತನು ನಮ್ಮನ್ನ ಬಿಟ್ಟು ಹೋಗಲಿಲ್ಲ. ನೋಟ್‌ಬುಕ್ಕಲ್ಲಿ ಬರೆಯೋಕೆ ಏನೂ ಇಲ್ಲದ ದಿನ ಅದು.

ಹಾಗಾದ್ರೆ ಏನು ಬೇಕಾದ್ರೂ ಮಾಡಬಹುದಾ ಅಂತ ಯಾರಾದರೂ ಕೇಳ್ತೀರಿ. ಪೌಲನಿಗೂ ಅದೇ ಪ್ರಶ್ನೆ ಬಂತು, ರೋಮಾ 6ನ್ನ ಮನೇಲಿ ಓದಿ. ಎಫೆಸ 2ರಲ್ಲೂ ಕೃಪೆಯ ಮಾತಾದ ಮೇಲೆ 10ನೇ ವಚನದಲ್ಲಿ ಸತ್ಕ್ರಿಯೆಗಳು ಬರುತ್ತವೆ. ಮೊದಲು ಮಗ, ಆಮೇಲೆ ಕೆಲಸ.

ಆ ತಮ್ಮನ ರೂಮಿಗೆ ನಾನೇ ಹೋದೆ. ಪಾಪ ಕ್ಷಮೆ ಆಯ್ತು ಅಂದ ತಕ್ಷಣ ಆ್ಯಪ್‌ನವರು ಸಾಲ ಮನ್ನಾ ಮಾಡಲ್ಲ, ಅದನ್ನ ಅವನು ತೀರಿಸಲೇಬೇಕು. ಇಬ್ಬರೂ ಕೂತು ಯಾರಿಗೆ ಎಷ್ಟು ಅಂತ ಬರೆದ್ವಿ. ಆಮೇಲೆ ಅವನ ಅಪ್ಪನ ಹತ್ತಿರ ಹೋದ್ವಿ. ಅವರು ಬೈದರು, ತುಂಬಾನೇ ಬೈದರು. ಆಮೇಲೆ "ಊಟ ಆಯ್ತಾ?" ಅಂದರು. ಸಾಲ ಇನ್ನೂ ಇದೆ, ತಿಂಗಳು ತಿಂಗಳು ಕಟ್ತಿದ್ದಾನೆ. ಆದರೆ ಸಭೆಗೆ ಬರೋಕೆ ಅದು ತೀರೋವರೆಗೆ ಕಾಯಲಿಲ್ಲ.

ಸರಿ ಮಾಡ್ಕೊಂಡು ಬರ್ತೀನಿ ಅಂತ ಕಾಯ್ತಿರೋರು ನಿಮ್ಮ ಗೆಳೆಯರಲ್ಲಿ ಇದ್ದರೆ ಇವತ್ತೇ ಮೆಸೇಜ್ ಹಾಕಿ, ಹಾಗೇ ಬಾ ಅನ್ನಿ. ನೀವೇ ಆಗಿದ್ದರೆ ಈಗ ಮುಂದೆ ಬನ್ನಿ. ಕೀಬೋರ್ಡ್ ಬ್ರದರ್, ನಿಧಾನವಾಗಿ ನುಡಿಸಿ. ಎಲ್ಲರೂ ಎದ್ದು ನಿಲ್ಲೋಣ.