ವಿದ್ಯಾರ್ಥಿಗೆ ಲ್ಯಾಪ್‌ಟಾಪ್: ಆಯ್ಕೆಯ ವಿವೇಚನೆ

ಪದವಿ ತರಗತಿಗೆ ಸೇರುವ ವಿದ್ಯಾರ್ಥಿಗೆ ಲ್ಯಾಪ್‌ಟಾಪ್ ಕೊಡಿಸಬೇಕೆಂದು ಮನಸ್ಸು ಮಾಡುವ ಪಾಲಕರೂ ದಾನಿಗಳೂ ಈಗ ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ಕೆಲವರು, ನಾನು ವ್ಯಾಕರಣ ಛಂದಸ್ಸುಗಳನ್ನು ಪಾಠ ಹೇಳುವವನೆಂಬುದನ್ನು ಮರೆತು, ಯಾವ ಯಂತ್ರವನ್ನು ಕೊಳ್ಳಬೇಕೆಂದು ನನ್ನನ್ನೇ ಕೇಳುವುದುಂಟು. ಕಾರಣವಿಷ್ಟೆ: ಈ ವಿಷಯದಲ್ಲಿ ನಾನು ಒಮ್ಮೆ ಹಣ ತೆತ್ತು ತಪ್ಪು ಮಾಡಿದವನು, ಆ ಬಳಿಕ ಬಲ್ಲವರಲ್ಲಿ ಕುಳಿತು ಕಲಿತವನು.

ನನ್ನ ತಮ್ಮನ ಮಗಳು ಇಂಜಿನಿಯರಿಂಗ್ ಕಾಲೇಜಿಗೆ ಸೇರಿದಾಗ ನಾನೇ ಅಂಗಡಿಗೆ ಹೋಗಿ ಯಂತ್ರವೊಂದನ್ನು ತಂದೆನು. ೧೫.೬ ಅಂಗುಲದ ಪರದೆ, ಬೆಳ್ಳಿಯ ಬಣ್ಣ, ಕೈಯಿಡುವ ಎಡೆಯಲ್ಲಿ ಹೊಳೆಯುವ ಐ-೭ ಎಂಬ ಚೀಟಿ. ಐದಕ್ಕಿಂತ ಏಳು ದೊಡ್ಡದೆಂಬ ಗಣಿತವೊಂದನ್ನೇ ಬಲ್ಲ ನನಗೆ ಅಷ್ಟೇ ಸಾಕಾಯಿತು. ಒಳಗೆ ೪ ಜಿಬಿ ರ‍್ಯಾಮ್ ಮಾತ್ರವಿದೆಯೆಂಬುದನ್ನೂ, ತಟ್ಟೆ ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕ್ ಇದೆಯೆಂಬುದನ್ನೂ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹುಡುಗಿ ದಿನವೂ ಎರಡು ಬಸ್ಸು ಹತ್ತಿಳಿದು ಅದನ್ನು ಹೊತ್ತಳು. ಒಂದೂವರೆ ವರ್ಷಕ್ಕೆ ಪರದೆಯ ಕೀಲು ಬಿರುಕುಬಿಟ್ಟಿತು. ಮೂರನೆಯ ವರ್ಷ, ಪ್ರಾಜೆಕ್ಟ್ ವರದಿಯನ್ನು ಒಪ್ಪಿಸುವುದಕ್ಕೆ ಹತ್ತು ದಿನಗಳಿರುವಾಗ ಡಿಸ್ಕ್ ಕೆಟ್ಟು ವರದಿಯೆಲ್ಲ ಹೋಯಿತು. "ದೊಡ್ಡಪ್ಪಾ, ನೀವು ಪ್ರೀತಿಯಿಂದ ಕೊಡಿಸಿದ್ದು, ಅದಕ್ಕೇ ಭಾರವಾಗುತ್ತದೆ, ನಿಧಾನವಾಗುತ್ತದೆ ಎಂದು ಇಷ್ಟು ದಿನ ಹೇಳಲಿಲ್ಲ" ಎಂದಳು. ಕೊಟ್ಟವನ ಮುಖ ನೋಡಿ ಪಡೆದವರು ಸುಮ್ಮನಿರುತ್ತಾರೆಂಬುದನ್ನು ದಾನಿಗಳು ಗಮನಿಸಬೇಕಾದುದಿದೆ.

ಯಂತ್ರವು ಬಾಳಿಕೆ ಬರಬೇಕು, ಒಯ್ಯಲು ಹಗುರವಾಗಿರಬೇಕು, ಸಾಮರ್ಥ್ಯವುಳ್ಳದ್ದಾಗಿರಬೇಕು ಎಂದು ಎಲ್ಲರೂ ಬಯಸುತ್ತಾರೆ. ಆದರೆ ಈ ಮೂರು ಗುಣಗಳಿಗೆ ಪರಸ್ಪರ ಸೆಣಸಾಟವಿದೆ. ಸಾಮರ್ಥ್ಯ ಹೆಚ್ಚಿದಂತೆ ಕಾವು ಹೆಚ್ಚುತ್ತದೆ. ಕಾವನ್ನು ಹೊರದೂಡಲು ಫ್ಯಾನು, ತಾಮ್ರದ ಕೊಳವೆ ಬೇಕಾಗಿ ತೂಕ ಏರುತ್ತದೆ. ತೀರ ತೆಳುವಾಗಿಸಹೊರಟರೆ ರ‍್ಯಾಮನ್ನು ಮೂಲಫಲಕಕ್ಕೇ ಬೆಸೆದುಬಿಡುವುದರಿಂದ ಮುಂದೆ ಹೆಚ್ಚಿಸಲಾಗದು. ೧೯೮೧ರಲ್ಲಿ ಮಾರುಕಟ್ಟೆಗೆ ಬಂದ ಆಸ್ಬೋರ್ನ್-೧ ಎಂಬ ಗಣಕವನ್ನು "ಒಯ್ಯಬಹುದಾದದ್ದು" ಎಂದೇ ಮಾರಿದರು. ಅದರ ತೂಕ ಸುಮಾರು ೧೧ ಕಿಲೋ! ಅಲ್ಲಿಂದ ಒಂದೂಕಾಲು ಕಿಲೋವಿಗೆ ಇಳಿದುಬಂದಿದ್ದೇವೆ. ಸೆಣಸಾಟ ಮಾತ್ರ ಮುಗಿದಿಲ್ಲ. ಆದುದರಿಂದ ಮೊದಲು ನೋಡಬೇಕಾದದ್ದು ಯಂತ್ರವನ್ನಲ್ಲ, ವಿದ್ಯಾರ್ಥಿಯ ದಿನಚರಿಯನ್ನು.

ಸಾಮರ್ಥ್ಯದ ಮಾತು. ಚೀಟಿಯ ಮೇಲಿನ ಹೆಸರನ್ನು ನಾವು ಶಬ್ದವನ್ನು ಬಿಡಿಸುವಂತೆ ಪ್ರಕೃತಿ ಪ್ರತ್ಯಯಗಳಾಗಿ ಬಿಡಿಸಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ ಐ-೫, ಐ-೭ ಎಂಬುದು ಪ್ರಕೃತಿಯಾದರೆ, ಅದರ ಮುಂದಿನ ಸಂಖ್ಯೆಯ ಮೊದಲ ಒಂದೆರಡು ಅಂಕೆಗಳು ತಲೆಮಾರನ್ನು ಸೂಚಿಸುತ್ತವೆ. ಕೊನೆಯ ಅಕ್ಷರವೇ ಪ್ರತ್ಯಯ. 'ಯು' ಎಂದಿದ್ದರೆ ಸುಮಾರು ೧೫ ವಾಟ್‌ನಲ್ಲಿ ನಡೆಯುವ ಮಿತವ್ಯಯಿ. 'ಎಚ್' ಎಂದಿದ್ದರೆ ೪೫ ವಾಟ್ ಬೇಡುವ ಬಲಶಾಲಿ. ಅರ್ಥವನ್ನು ನಿರ್ಣಯಿಸುವುದು ಪ್ರತ್ಯಯವೆಂಬುದನ್ನು ಬೇರೆ ಹೇಳಬೇಕಿಲ್ಲ. ಹಗುರ ಯಂತ್ರಗಳ ವರ್ಗದಲ್ಲಿ ಹನ್ನೆರಡನೆಯ ತಲೆಮಾರಿನ ಐ-೫, ಏಳನೆಯ ತಲೆಮಾರಿನ ಐ-೭ನ್ನು ಲೀಲಾಜಾಲವಾಗಿ ಹಿಂದಿಕ್ಕುತ್ತದೆ. (೨೦೨೩ರ ಕೊನೆಯಿಂದ ಆ ಕಂಪನಿಯು 'ಐ' ಅಕ್ಷರವನ್ನು ಕೈಬಿಟ್ಟು ಕೋರ್, ಕೋರ್ ಅಲ್ಟ್ರಾ ಎಂಬ ಹೊಸ ನಾಮಕರಣ ಮಾಡಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚಿದೆ.)

ಆದರೂ ವಿದ್ಯಾರ್ಥಿಯ ಅನುಭವಕ್ಕೆ ಬರುವ ವೇಗವು ಬಹುಮಟ್ಟಿಗೆ ಪ್ರೊಸೆಸರಿನಿಂದಲ್ಲ, ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳಿಂದ. ರ‍್ಯಾಮ್ ಓದುವ ಮೇಜಿನಂತೆ, ಎಸ್‌ಎಸ್‌ಡಿ ಪುಸ್ತಕದ ಬೀರುವಿನಂತೆ. ಮೇಜು ಕಿರಿದಾದರೆ ಪ್ರತಿ ಹೊತ್ತಗೆಗೂ ಬೀರುವಿಗೆ ಓಡಬೇಕಾಗುತ್ತದೆ. ಬರವಣಿಗೆ, ಲೆಕ್ಕಪತ್ರ, ಅಂತರಜಾಲ ಪಾಠಗಳಿಗೆ ೮ ಜಿಬಿ ಸಾಕು. ಪ್ರೋಗ್ರಾಮಿಂಗ್ ಕಲಿಯುವವರಿಗೆ ೧೬ ಜಿಬಿ ಇರಲಿ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲವಾದುದರಿಂದ ಬಸ್ಸಿನ ಕುಲುಕಾಟಕ್ಕೆ ಅದು ಅಂಜದು. ೫೧೨ ಜಿಬಿ ಧಾರಾಳವಾಯಿತು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕಾದುದು ವಾಸ್ತುಶಿಲ್ಪ, ಯಂತ್ರವಿನ್ಯಾಸ, ಚಲಚ್ಚಿತ್ರ ಸಂಕಲನ ಮುಂತಾದ ಕೆಲವೇ ವ್ಯಾಸಂಗಗಳಿಗೆ. ಉಳಿದವರಿಗೆ ಅದು ತೂಕ ಮತ್ತು ಆಟಗಳ ಪ್ರಲೋಭನೆ.

ಒಯ್ಯುವ ಸೌಕರ್ಯಕ್ಕೆ ೧೪ ಅಂಗುಲದ ಪರದೆ, ಒಂದೂವರೆ ಕಿಲೋವಿನೊಳಗಿನ ತೂಕ ಉಚಿತ. ತೂಗುವಾಗ ಚಾರ್ಜರನ್ನೂ ಸೇರಿಸಿ ತೂಗಬೇಕು. ಆಟದ ಯಂತ್ರಗಳ ಚಾರ್ಜರು ಒಂದು ಇಟ್ಟಿಗೆಯೇ ಸರಿ. ಯುಎಸ್‌ಬಿ-ಸಿ ಕಿಂಡಿಯಿಂದ ಚಾರ್ಜಾಗುವ ಯಂತ್ರವಾದರೆ, ಚಾರ್ಜರು ಕಳೆದರೂ ೬೫ ವಾಟ್‌ನ ಇನ್ನೊಂದು ಎಲ್ಲಿಯಾದರೂ ದೊರೆಯುತ್ತದೆ. ಬ್ಯಾಟರಿಯ ಧಾರಣೆಯನ್ನು ವಾಟ್-ಅವರ್ ಲೆಕ್ಕದಲ್ಲಿ ಬರೆದಿರುತ್ತಾರೆ. ೫೦ ವಾಟ್-ಅವರ್ ಬ್ಯಾಟರಿಯಿಂದ ೧೦ ವಾಟ್ ಬೇಡುವ ಕೆಲಸ ೫ ಗಂಟೆ ನಡೆಯುವುದು. ಜಾಹೀರಾತಿನ ಗಂಟೆಗಳನ್ನು ಬಿಟ್ಟು ಈ ಭಾಗಾಕಾರವನ್ನು ನಂಬಬೇಕು. ಊರಿನಲ್ಲಿ ಕರೆಂಟು ಹೋದ ರಾತ್ರಿ ನೆರವಾಗುವುದು ಇದೇ. ಹೆಸರಿನಲ್ಲಿ ತೊಡೆಯಿದ್ದರೂ ಅದನ್ನು ಹಾಸಿಗೆ ದಿಂಬುಗಳ ಮೇಲಿಟ್ಟು ಓದಕೂಡದು. ತಳದ ಗಾಳಿಕಿಂಡಿ ಮುಚ್ಚಿ ಯಂತ್ರ ಬೇಯುತ್ತದೆ.

ಇನ್ನು ಬಾಳಿಕೆ. 'ಬಾಳ್' ಧಾತುವಿಗೆ 'ಇಕೆ' ಪ್ರತ್ಯಯ ಹತ್ತಿ ಆದ ಭಾವನಾಮವಿದು. ಒಡೆಯದಿರುವುದಷ್ಟೇ ಬಾಳಿಕೆಯಲ್ಲ, ಕೆಟ್ಟಾಗ ದುರಸ್ತಿಗೊಂಡು ಮತ್ತೆ ಬಾಳುವುದೂ ಬಾಳಿಕೆಯೇ. ಮಿಲ್-ಎಸ್‌ಟಿಡಿ-೮೧೦ ಎಂಬ ಮುದ್ರೆಯನ್ನು ತೋರಿಸಿ, ಇದು ಸೇನೆಯ ಗಟ್ಟಿತನವೆಂದು ಮಾರಾಟಗಾರರು ಹೇಳುತ್ತಾರೆ. ಅದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾವಿಧಾನಗಳ ಸಂಪುಟ. ಅದರಲ್ಲಿ ಯಾವ ಪರೀಕ್ಷೆಗಳನ್ನು ನಡೆಸಬೇಕೆಂಬುದನ್ನು ತಯಾರಕರೇ ಆರಿಸಿಕೊಳ್ಳುತ್ತಾರೆ. ಆದುದರಿಂದ ಮುದ್ರೆಗಿಂತ ಕೈಯ ಪರೀಕ್ಷೆ ಮೇಲು. ಪರದೆಯನ್ನು ಒಂದು ಮೂಲೆಯಿಂದ ಹಿಡಿದೆತ್ತಿದರೆ ತಿರುಚಬಾರದು. ಕೀಲು ಬಿಗಿಯಾಗಿರಬೇಕು. ಕೀಲಿಮಣೆಯನ್ನು ನಡುವೆ ಒತ್ತಿದರೆ ತಗ್ಗಬಾರದು. ಬಳಿಕ ಕೇಳಬೇಕಾದ ಪ್ರಶ್ನೆಗಳು: ಬ್ಯಾಟರಿಯನ್ನೂ ಎಸ್‌ಎಸ್‌ಡಿಯನ್ನೂ ಬದಲಾಯಿಸಬಹುದೆ? ಬಿಡಿಭಾಗ ಸಿಗುತ್ತದೆಯೆ? ಸೇವಾಕೇಂದ್ರ ಜಿಲ್ಲಾಸ್ಥಳದಲ್ಲಿದೆಯೆ, ಬೆಂಗಳೂರಿನಲ್ಲಿ ಮಾತ್ರವೆ?

ಕಚೇರಿಗಳಿಗೆಂದೇ ಮಾಡಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಶ್ರೇಣಿಗಳು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುತ್ತವೆ. ಹೊಸತು ದುಬಾರಿಯೆಂಬುದು ದಿಟ. ಆದರೆ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಇಂಥ ಯಂತ್ರಗಳು ದುರಸ್ತಿಗೊಂಡು ಅಗ್ಗದಲ್ಲಿ ದೊರೆಯುತ್ತವೆ. ಬಳಸಿದ್ದನ್ನು ಕೊಡುವುದೆಂದರೆ ಹಲವು ದಾನಿಗಳಿಗೆ ಸಂಕೋಚ; ಅದೇ ಬೆಲೆಯ ಹೊಸ ಆದರೆ ದುರ್ಬಲ ಯಂತ್ರಕ್ಕಿಂತ ಇದು ಲೇಸೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಎಚ್ಚರವೊಂದುಂಟು: ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ, ವಿಂಡೋಸ್ ೧೧ ಅಧಿಕೃತವಾಗಿ ನಡೆಯಲು ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದರ ಈಚಿನದು ಬೇಕು. ಅದಕ್ಕಿಂತ ಹಳೆಯದನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ಬ್ಯಾಟರಿಯ ವರದಿಯನ್ನು ವಿಂಡೋಸ್‌ನಲ್ಲಿಯೇ ತೆಗೆಯಬಹುದು. ಮೂಲ ಧಾರಣೆ ಎಷ್ಟು, ಈಗ ಉಳಿದಿರುವುದೆಷ್ಟು ಎಂಬುದು ಅದರಲ್ಲಿ ಕಾಣುತ್ತದೆ. ಅಂಗಡಿಯವರು ತೋರಿಸಲೊಪ್ಪದಿದ್ದರೆ ಎದ್ದು ಬನ್ನಿ.

ಕನ್ನಡದ ಮಾತೊಂದನ್ನು ಹೇಳದಿದ್ದರೆ ನನ್ನ ಕಸುಬಿಗೆ ಲೋಪ. ಯಂತ್ರ ಬದಲಾದರೂ ಅಕ್ಷರ ಬದಲಾಗಬಾರದು. ಹಳೆಯ ಫಾಂಟುಗಳಲ್ಲಿ ಬರೆದ ಕಡತವು ಬೇರೆ ಗಣಕದಲ್ಲಿ ತೆರೆದಾಗ ಚಿತ್ರವಿಚಿತ್ರ ಚಿಹ್ನೆಗಳಾಗುವುದನ್ನು ನಮ್ಮ ಅಧ್ಯಾಪಕ ಮಿತ್ರರು ಕಂಡವರೇ. ೧೯೯೧ರಿಂದಲೂ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿದೆ. ವಿದ್ಯಾರ್ಥಿ ಮೊದಲ ದಿನದಿಂದಲೇ ಅದರಲ್ಲಿ ಬರೆಯಲಿ. ಹಾಗೆಯೇ, ಓಲೆಗರಿಗೆ ಹುಳು ತಪ್ಪದೆಂದು ಅರಿತ ನಮ್ಮ ಲಿಪಿಕಾರರು ಪ್ರತಿಯ ಮೇಲೆ ಪ್ರತಿ ಮಾಡಿದರು. ಎಸ್‌ಎಸ್‌ಡಿಯೂ ಒಂದು ದಿನ ಕೆಡುವಂಥದೇ. ಯಂತ್ರದ ಜೊತೆಗೆ ಪ್ರತಿ ಇಡಲು ಸಣ್ಣದೊಂದು ಹೊರಡಿಸ್ಕನ್ನೂ ಕೊಡಿಸಬೇಕು.

ಪ್ರಸಾದನಿಲಯದ ಹತ್ತು ಮಕ್ಕಳಿಗೆ ಹತ್ತು ದುರ್ಬಲ ಯಂತ್ರಗಳನ್ನು ಹಂಚುವುದಕ್ಕಿಂತ ಆರು ಒಳ್ಳೆಯವನ್ನು ಕೊಂಡು ಸರದಿಯಂತೆ ಬಳಸಗೊಡುವುದು ಮೇಲೆಂಬುದು ನನ್ನ ಅಭಿಪ್ರಾಯ. ಫೋಟೋಕ್ಕೆ ಹತ್ತು ಮಂದಿ ನಿಲ್ಲಲಾರರೆಂಬುದೊಂದೇ ಕೊರತೆ. ನನ್ನ ತಮ್ಮನ ಮಗಳಿಗೆ ಎರಡನೆಯ ಸಲ ತಂದದ್ದು ಕಚೇರಿಯೊಂದು ಬಳಸಿ ಬಿಟ್ಟ, ಕಪ್ಪು ಮೈಯ, ಅಂಚು ಸವೆದ ಯಂತ್ರ. ಅದಕ್ಕೆ ೧೬ ಜಿಬಿ ರ‍್ಯಾಮ್ ಹಾಕಿಸಿದೆವು, ಬ್ಯಾಟರಿಯನ್ನು ಒಮ್ಮೆ ಬದಲಾಯಿಸಿದೆವು. ಅವಳ ಓದು ಮುಗಿಯಿತು. ಈಗ ಅದರಲ್ಲಿ ಅವಳ ತಮ್ಮ ಓದುತ್ತಿದ್ದಾನೆ.