ಇಳಿಜಾರಿನಲ್ಲಿ ಬ್ರೇಕ್ ಹಿಡಿಯೋದು ಕಲಿತದ್ದು

ಹಾಸ್ಟೆಲ್ ಹಿಂದಿನ ಗುಡ್ಡದಿಂದ ಮೊದಲ ಸಲ ಸೈಕಲ್ ಇಳಿಸಿದಾಗ ನಾವು ನಾಲ್ವರಲ್ಲಿ ಮೂವರು ಬಿದ್ವಿ. ಒಬ್ಬ ಹ್ಯಾಂಡಲ್ ಮೇಲಿಂದ ಹಾರಿ ಮೊಣಕೈ ತರಚಿಕೊಂಡು ಮೂರು ವಾರ ಸೈಕಲ್ ಮುಟ್ಟಲೇ ಇಲ್ಲ. "ಧೈರ್ಯ ಸಾಲದು ಮಗಾ" ಅಂತ ನಾವೇ ರೇಗಿಸಿದ್ವಿ. ಅದು ತಪ್ಪು. ಅವನು ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಗಬಕ್ಕನೆ ಒತ್ತಿದ್ದ, ಅಷ್ಟೇ.

ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪಿಸಿಕೊಳ್ಳಿ. ಬ್ರೇಕಿನ ಬಲ ಟೈರು ನೆಲ ಮುಟ್ಟುವಲ್ಲಿ ಹಿಂದಕ್ಕೆ ಎಳೆಯುತ್ತೆ. ಸವಾರ, ಸೈಕಲ್ ಸೇರಿದ ಗುರುತ್ವ ಕೇಂದ್ರ ಮೇಲಿರುತ್ತೆ. ಅದರ ಎತ್ತರ 1.1 ಮೀಟರ್, ಮುಂದಿನ ಟೈರು ನೆಲ ಮುಟ್ಟುವ ಜಾಗದಿಂದ 0.6 ಮೀಟರ್ ಹಿಂದೆ ಅಂತ ಇಟ್ಟುಕೊಳ್ಳೋಣ. ಹಿಂದಿನ ಚಕ್ರ ಏಳುವ ಮುಂಚೆ ಸಿಗುವ ಡಿಸೆಲರೇಶನ್ ಸಮತಟ್ಟಿನಲ್ಲಿ 0.6/1.1, ಅಂದರೆ ಸುಮಾರು 0.55 ಜಿ. 10 ಡಿಗ್ರಿ ಇಳಿಜಾರಿನಲ್ಲಿ ಅದು 0.36 ಜಿಗೆ ಇಳಿಯುತ್ತೆ. ಈಗ ಸೀಟಿನಿಂದ ಎದ್ದು ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ತಗೊಳ್ಳಿ. ದೂರ 0.75, ಎತ್ತರ 1.0 ಆದರೆ ಅದೇ ಇಳಿಜಾರಿನಲ್ಲಿ 0.56 ಜಿ! ಇಳಿಜಾರು ಕಿತ್ತುಕೊಂಡದ್ದನ್ನ ಸೊಂಟ ವಾಪಸ್ ಕೊಡ್ತು.

"ಹಾಗಾದ್ರೆ ಹಿಂದಿನ ಬ್ರೇಕ್ ಮಾತ್ರ ಹಿಡೀರಿ" ಅನ್ನೋ ಸೀನಿಯರ್‌ಗಳ ಮಾತು ನಂಬಬೇಡಿ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಹೋಗುತ್ತೆ, ಹಗುರಾದ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತೆ, ಸೈಕಲ್ ನಿಲ್ಲಲ್ಲ. ಎರಡೂ ಬೇಕು.

(1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಳೇ ಸೈಕಲ್‌ಗಳಲ್ಲಿ ಶುರುವಾದ ಇಳಿಜಾರಿನ ರೇಸಿಗೆ 'ರೀಪ್ಯಾಕ್' ಅಂತ ಹೆಸರು. ಬ್ರೇಕ್ ಹಬ್ ಕಾದು ಗ್ರೀಸ್ ಸುಟ್ಟು ಹೋಗ್ತಿತ್ತು, ಮತ್ತೆ ತುಂಬಬೇಕಿತ್ತು. ಬ್ರೇಕಿನ ಕಷ್ಟ ನಮಗೊಬ್ಬರಿಗೇ ಅಲ್ಲ.)

ಆಮೇಲೆ ನಾವು ಗುಡ್ಡ ಬಿಟ್ಟು ಗ್ರೌಂಡಿಗೆ ಬಂದ್ವಿ. ಮೊದಲು ಯಾವ ಲಿವರ್ ಯಾವ ಚಕ್ರದ್ದು ಅಂತ ನೋಡಿಕೊಂಡ್ವಿ. ಎಲ್ಲ ಸೈಕಲ್‌ನಲ್ಲೂ ಒಂದೇ ಥರ ಇರಲ್ಲ. ಸುಣ್ಣದ ಗೆರೆ ಎಳೆದು, ಹೆಲ್ಮೆಟ್ ಹಾಕಿ, ಪೆಡಲ್ ಎರಡೂ ಒಂದೇ ಮಟ್ಟದಲ್ಲಿಟ್ಟು, ಮೊಣಕಾಲು, ಮೊಣಕೈ ಸಡಿಲ ಬಿಟ್ಟು, ಒಂದೊಂದೇ ಬೆರಳಲ್ಲಿ ಲಿವರ್ ಮೆಲ್ಲಗೆ ಒತ್ತಿ ಗೆರೆ ಮೇಲೆ ನಿಲ್ಲೋದು. ಸಂಜೆಗೆ ಇಪ್ಪತ್ತು ಸಲ. ವಾರದ ನಂತರ ಅದನ್ನೇ ಜಲ್ಲಿಯ ಮೇಲೆ: ಮುಂದಿನ ಚಕ್ರ ಜಾರಿದ್ರೆ ತಕ್ಷಣ ಬೆರಳು ಸಡಿಲಿಸಬೇಕು. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುಗುವಾಗ ಮೈ ಮತ್ತೆ ಮಧ್ಯಕ್ಕೆ ತರಬೇಕು. ತೀರಾ ಹಿಂದೆ ಕೂತರೆ ಮುಂದಿನ ಟೈರಿಗೆ ಹಿಡಿತ ಸಾಲಲ್ಲ.

ಬಿದ್ದವನೂ ಆ ಗೆರೆಯಿಂದಲೇ ಮತ್ತೆ ಶುರು ಮಾಡಿದ. ಈಗ ಗುಡ್ಡದ ಮುಕ್ಕಾಲು ಭಾಗ ನಮಗಿಂತ ಮುಂದೆ ಇಳೀತಾನೆ. ಕೊನೆಯ ಕಲ್ಲುಮೆಟ್ಟಿಲ ಹತ್ತಿರ ಇಳಿದು ಸೈಕಲ್ ತಳ್ಕೊಂಡು ಬರ್ತಾನೆ. ನಾವೂ ಅಷ್ಟೇ.