ಕಟ್ಟಿದ್ದು ಯಾವ ತೂತು?

ಪಿಟೋ ಕಟ್ಟಿದರೆ ಏನು, ಸ್ಟ್ಯಾಟಿಕ್ ಕಟ್ಟಿದರೆ ಏನು ಅಂತ ರಾತ್ರಿಯೆಲ್ಲ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಅದಲುಬದಲು ಬರೆದು ಬಂದಿದ್ದೀರಿ. ನಾನೂ ಬರೆದವನೇ. ಕೋಷ್ಟಕ ಬದಿಗಿಡಿ. ಸಿಕ್ಕಿಬಿದ್ದ ಗಾಳಿ ಎಲ್ಲಿದೆ ಎಂದಷ್ಟೇ ಕೇಳಿಕೊಳ್ಳಿ.

ವೇಗಮಾಪಕ ತೋರಿಸುವುದು ಪಿಟೋ, ಸ್ಟ್ಯಾಟಿಕ್ ಎಂಬ ಎರಡು ಒತ್ತಡಗಳ ವ್ಯತ್ಯಾಸ. ಪಿಟೋ ಕೊಳವೆಯ ಬಾಯಿ, ನೀರು ಬಸಿಯುವ ತೂತು ಎರಡೂ ಹಿಮದಿಂದ ಕಟ್ಟಿದರೆ ಒಳಗಿನ ಒತ್ತಡ ಹಾಗೇ ಉಳಿಯುತ್ತದೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿದು ಮುಳ್ಳು ಸುಮ್ಮನೆ ಏರುತ್ತದೆ. ವೇಗ ಹೆಚ್ಚಾಯಿತೆಂದು ಮೂಗು ಎತ್ತುತ್ತಾ ಹೋದಿರೋ, ಸ್ಟಾಲ್! ಬಾಯಿ ಮಾತ್ರ ಕಟ್ಟಿದರೆ ಮುಳ್ಳು ಸೊನ್ನೆಗೆ ಬೀಳುತ್ತದೆ.

ಸ್ಟ್ಯಾಟಿಕ್ ಕಟ್ಟಿದರೆ ಆಲ್ಟಿಮೀಟರ್ ನಿಂತಲ್ಲೇ, ವಿಎಸ್‌ಐ ಸೊನ್ನೆಯಲ್ಲಿ; ಏರುವಾಗ ವೇಗ ಕಡಿಮೆ ಕಾಣುತ್ತದೆ. ಕ್ಯಾಬಿನ್‌ನ ಪರ್ಯಾಯ ಸ್ಟ್ಯಾಟಿಕ್ ತೆರೆಯಿರಿ. ಆಗ ಎತ್ತರ, ವೇಗ ಎರಡೂ ಸಾಮಾನ್ಯವಾಗಿ ತುಸು ಹೆಚ್ಚೇ ತೋರುತ್ತವೆ.

1996ರ ಅಕ್ಟೋಬರ್‌ನಲ್ಲಿ ಲಿಮಾದಿಂದ ರಾತ್ರಿ ಹೊರಟ ಏರೋಪೆರು 603ರ ಸ್ಟ್ಯಾಟಿಕ್ ತೂತುಗಳ ಮೇಲೆ, ವಿಮಾನ ತೊಳೆಯುವಾಗ ಅಂಟಿಸಿದ್ದ ಟೇಪು ಹಾಗೇ ಉಳಿದಿತ್ತು. 70 ಮಂದಿ ಸಮುದ್ರದ ಪಾಲಾದರು.

ನಾಳೆ ವಿಮಾನಕ್ಕೆ ಸುತ್ತು ಹಾಕುವಾಗ ಆ ತೂತಿಗೆ ಟಾರ್ಚ್ ಹಿಡಿದು ನೋಡಿ. ಊದಲು ಮಾತ್ರ ಹೋಗಬೇಡಿ, ಮಾಪಕ ಕೆಡುತ್ತದೆ.